ವಿಜ್ಞಾನ ವಿಚಾರ: ಖಾತೆ ತೆರೆಯುವುದಕ್ಕೆ ಮುಂಚಿನ ಗಳಿಗೆ



ಗಣಕಯಂತ್ರದ ಗುಂಡಿಯನ್ನೊತ್ತಿದ ಬಳಿಕ ಪರದೆಯಲ್ಲಿ ಚಿತ್ರ ಮೂಡುವವರೆಗಿನ ಕೆಲವು ಕ್ಷಣಗಳಲ್ಲಿ ಒಳಗೇನು ನಡೆಯುವುದೆಂಬುದು ವಿಚಾರಾರ್ಹವಾದ ವಿಷಯವು.

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬವರು ಆರಂಭಿಸಿದ ಲಿನಕ್ಸ್ ಎಂಬ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. ಅದರ ತಿರುಳಾದ ಕರ್ನೆಲ್ ಬಹುಮಟ್ಟಿಗೆ ಸಿ ಭಾಷೆಯಲ್ಲಿ ರಚಿತವಾಗಿದೆ. ಈ ಭಾಷೆಯು ಮೆಮೊರಿಯ ಎಲ್ಲೆಗಳನ್ನು ತಾನಾಗಿ ಕಾಯುವುದಿಲ್ಲ. ರಚಿಸಿದವರು ಎಚ್ಚರ ತಪ್ಪಿದರೆ ಒಂದೆಡೆ ಬರೆಯಬೇಕಾದುದು ನೆರೆಯ ಸ್ಥಳವನ್ನು ಅಳಿಸೀತು. ಬಿಟ್ಟುಕೊಟ್ಟ ಜಾಗವನ್ನೇ ಮರಳಿ ಮುಟ್ಟೀತು. ತಪ್ಪು ಒಂದೆಡೆ, ಕೇಡು ತೋರುವುದು ಇನ್ನೊಂದೆಡೆ. ಇಂಥ ಬಿರುಕುಗಳಲ್ಲಿಯೇ ಕಳ್ಳರು ನುಸುಳಿ ನಮ್ಮ ಹಣಕಾಸಿನ ಗುಟ್ಟುಗಳನ್ನು ಅಪಹರಿಸುವುದುಂಟು.

ಇವನ್ನು ಪರೀಕ್ಷಾಕಾಲದಲ್ಲಿಯೇ ಹಿಡಿಯಲು 2015ರಲ್ಲಿ, ಲಿನಕ್ಸಿನ 4.0ನೆಯ ಆವೃತ್ತಿಯಲ್ಲಿ, ‘ಕರ್ನೆಲ್ ಅಡ್ರೆಸ್ ಸ್ಯಾನಿಟೈಸರ್’ ಎಂಬ ತಪಾಸಣೆಯು ಸೇರಿತು. ಮೆಮೊರಿಯ ಪ್ರತಿ 8 ಬೈಟುಗಳಿಗೆ 1 ಬೈಟಿನಂತೆ ಇದು ಒಂದು ನೆರಳು ಖಾತೆಯನ್ನಿಡುವುದು. ಅಲ್ಲಿ ಸೊನ್ನೆಯಿದ್ದರೆ ಎಂಟೂ ಬೈಟುಗಳನ್ನು ಬಳಸಬಹುದು. 1ರಿಂದ 7ರ ಅಂಕೆಯಿದ್ದರೆ ಮೊದಲಿನ ಅಷ್ಟು ಮಾತ್ರ. ಋಣಸಂಖ್ಯೆಯಿದ್ದರೆ ಒಂದನ್ನೂ ಮುಟ್ಟಕೂಡದು. ಕಂಪೈಲರು ಓದು-ಬರಹಗಳಿಗೆ ಮುಂಚೆ ಈ ಖಾತೆಯನ್ನು ನೋಡುವ ಆಜ್ಞೆಯನ್ನು ಸೇರಿಸುವುದು. ಇದರಿಂದ ಯಂತ್ರದ ವೇಗ ಕುಂದುವುದಾದ್ದರಿಂದ ಇದು ಮುಖ್ಯವಾಗಿ ಪರೀಕ್ಷಕರ ಉಪಕರಣವು.

ಆದರೆ ಯಂತ್ರವು ಎಚ್ಚರಗೊಳ್ಳುವ ಮೊದಲ ಗಳಿಗೆಯಲ್ಲಿ ಖಾತೆಯೇ ತೆರೆದಿರುವುದಿಲ್ಲ. ತೆರೆಯಬೇಕಾದುದೂ ಆ ಕರ್ನೆಲೇ. ಆಗ ತಪಾಸಣೆಯು ಇಲ್ಲದ ಖಾತೆಯನ್ನು ನೋಡಹೋದರೆ ಯಂತ್ರವು ಅಲ್ಲಿಯೇ ನಿಂತುಬಿಡುವುದು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಗುವುದು! ಆದುದರಿಂದ ಆ ಆರಂಭದ ಕೆಲವು ಕಡತಗಳಿಗೆ ತಪಾಸಣೆ ಬೇಡವೆಂದು ಮೇಕ್‌ಫೈಲ್ ಎಂಬ ನಿರ್ಮಾಣಪಟ್ಟಿಯಲ್ಲಿ ‘ಎನ್’ ಎಂಬ ಒಂದಕ್ಷರದಿಂದ ಗುರುತಿಸುವರು. ಬಳಿಕ ಸೊನ್ನೆ ತುಂಬಿದ ಒಂದೇ ಪುಟವನ್ನು ನೆರಳಿನ ಪ್ರದೇಶಕ್ಕೆಲ್ಲ ತಾತ್ಕಾಲಿಕವಾಗಿ ಹೊಂದಿಸಿ, ಅನುಕೂಲವಾದ ಮೇಲೆ ನಿಜವಾದ ಖಾತೆಯನ್ನು ಏರ್ಪಡಿಸುವರು.

ಇಲ್ಲಿ ವಿವೇಕವು ಅತ್ಯವಶ್ಯಕ. ವಿನಾಯಿತಿಯು ಅಗತ್ಯಕ್ಕಿಂತ ಒಂದು ಕಡತದಷ್ಟು ಹೆಚ್ಚಾದರೂ ಅದರೊಳಗಿನ ದೋಷಗಳು ತಪಾಸಣೆಗೆ ಸಿಕ್ಕದೆ ಉಳಿದಾವು. ವಿನಾಯಿತಿ ಪಡೆದ ಸಾಲುಗಳನ್ನಂತೂ ಮನುಷ್ಯನ ಕಣ್ಣೇ ಮತ್ತೆ ಮತ್ತೆ ಓದಿ ಪರಿಶೀಲಿಸಬೇಕು. ಹೊಸ ವರ್ಷದ ಲೆಕ್ಕದ ಪುಸ್ತಕ ಬರುವವರೆಗೆ ಆದ ಖರ್ಚನ್ನು ಚೀಟಿಯಲ್ಲಾದರೂ ಬರೆದಿಡುವ ಗೃಹಿಣಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾದುದಿಲ್ಲ.