ವಿಕಿರಣ ಚಿಕಿತ್ಸೆಯ ನಡುವೆ ಅಳತೆ ಬದಲಾದರೆ



ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಬಾಯಿ ಕ್ಯಾನ್ಸರಿನ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ವರದಿಯಲ್ಲಿ ಹೊಗೆಸೊಪ್ಪು ಸೇರಿಸದ ಕವಳವನ್ನೂ ಕ್ಯಾನ್ಸರ್‌ಕಾರಕವೆಂದು ಸಾರಿದೆ. ಬೆಳೆಗಾರರ ತಕರಾರು ಏನೇ ಇರಲಿ, ಆ ವರದಿಯನ್ನು ನಮ್ಮವರಿಂದಲೇ ಮುಚ್ಚಿಡುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಕಾಯಿಲೆ ಬಿದ್ದವರು ನಮ್ಮ ಮನೆಗಳಲ್ಲೂ ಇದ್ದಾರೆ, ಕೂಲಿ ಲೈನುಗಳಲ್ಲೂ ಇದ್ದಾರೆ.

ಬಾಯಿ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ, ಅಗತ್ಯವಿದ್ದರೆ ಬಳಿಕ ವಿಕಿರಣ. ಗಂಟಲಿನದಕ್ಕೆ ಹಲವೊಮ್ಮೆ ವಿಕಿರಣವೇ ಮುಖ್ಯ. ನಮ್ಮ ಕಡೆ 'ಕರೆಂಟು ಕೊಡುವುದು' ಎನ್ನುವುದು ಇದನ್ನೇ. ವಾರಕ್ಕೆ 5 ದಿನದಂತೆ 6-7 ವಾರ ನಡೆಯುತ್ತದೆ. ತಲೆ ಅಲುಗದಂತೆ ರೋಗಿಯ ಮುಖದ ಅಚ್ಚಿಗೆ ಪ್ಲಾಸ್ಟಿಕ್ ಮುಖವಾಡ ತಯಾರಿಸಿ, ಸ್ಕ್ಯಾನ್ ತೆಗೆದು, ಕಿರಣ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂದು ಮೊದಲೇ ಲೆಕ್ಕ ಹಾಕುತ್ತಾರೆ.

ತೊಡಕು ಇಲ್ಲೇ ಇದೆ. ಲೆಕ್ಕ ಮೊದಲ ದಿನದ್ದು, ದೇಹ ಹಾಗೇ ಉಳಿಯುವುದಿಲ್ಲ. ಬಾಯಿ ಹುಣ್ಣಾಗಿ ಊಟ ಸೇರದೆ ರೋಗಿ ಇಳಿದುಹೋಗುತ್ತಾನೆ, ಮುಖವಾಡ ಸಡಿಲವಾಗುತ್ತದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ 14 ರೋಗಿಗಳನ್ನು ಅಳೆದು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಡ್ಡೆಯು ಚಿಕಿತ್ಸೆಯ ದಿನವೊಂದಕ್ಕೆ ಸುಮಾರು ಶೇಕಡಾ 1.8ರಂತೆ ಕುಗ್ಗಿತ್ತು, ಕಿವಿಯ ಬುಡದ ಜೊಲ್ಲುಗ್ರಂಥಿಗಳು ಸುಮಾರು 3 ಮಿಲಿಮೀಟರ್ ಒಳಸರಿದಿದ್ದವು. ಉಳಿಸಬೇಕೆಂದಿದ್ದ ಗ್ರಂಥಿ ಕಿರಣದ ದಾರಿಗೆ ಬಂದರೆ ಆಮೇಲೆ ಬಾಯಿ ಒಣಗಿ ಅನ್ನ ನುಂಗುವುದೇ ಕಷ್ಟ. ಆದ್ದರಿಂದ ನಡುವೆ ಮತ್ತೆ ಸ್ಕ್ಯಾನ್ ತೆಗೆದು, ಬೇಕಾದರೆ ಹೊಸ ಮುಖವಾಡ ಮಾಡಿ ಯೋಜನೆ ತಿದ್ದುವ ಕ್ರಮ ಬಂದಿದೆ. ಬೋರ್ಡೋ ಹೊಡೆಯುವ ತಾರೀಖನ್ನು ಮಳೆ ನೋಡಿ ಹಿಂದೆಮುಂದೆ ಮಾಡುವ ನಮಗೆ ಇದು ಅರ್ಥವಾಗದ ಮಾತಲ್ಲ.

ಹಾಗೆಂದು ಯೋಜನೆಯನ್ನು ಪದೇಪದೇ ಬದಲಿಸುವ ದುಬಾರಿ ಯಂತ್ರವೇ ಬೇಕೆಂದು ತೋಟ ಅಡವಿಡುವುದನ್ನು ನಾವು ಒಪ್ಪುವುದಿಲ್ಲ. ಫ್ರಾನ್ಸಿನಲ್ಲಿ ಗಂಟಲು ಕ್ಯಾನ್ಸರಿನ 132 ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ವಾರವಾರವೂ ಯೋಜನೆ ತಿದ್ದಿ ನೋಡಿದರು. 2023ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಜೊಲ್ಲಿನ ಮಟ್ಟಿಗೆ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಎಲ್ಲರಿಗೂ ವಾರವಾರ ಬೇಡ. ಯಾರ ತೂಕ ಗಣನೀಯವಾಗಿ ಇಳಿದಿದೆಯೋ, ಯಾರ ಮುಖವಾಡ ಅಲ್ಲಾಡುತ್ತದೆಯೋ ಅಂಥವರಿಗೆ ಬೇಕಾಗಬಹುದು. ತೀರ್ಮಾನ ವೈದ್ಯರದು. ಆದರೆ 'ಮುಖವಾಡ ಸಡಿಲವಾಗಿದೆ ಸ್ವಾಮಿ' ಎಂದು ಬಾಯಿಬಿಟ್ಟು ಹೇಳಬೇಕಾದವರು ರೋಗಿಯೂ ಜೊತೆಗಿರುವವರೂ. ನಮ್ಮವರು ದೊಡ್ಡಾಸ್ಪತ್ರೆಯಲ್ಲಿ ಮಾತೇ ಆಡುವುದಿಲ್ಲ! ಮೂಗಿನ ನಳಿಕೆಯಲ್ಲಿ ಆಹಾರ ಕೊಡುತ್ತೇವೆಂದರೆ ಮರ್ಯಾದೆ ಹೋಯಿತೆನ್ನುವವರೂ ಇದ್ದಾರೆ. ತೂಕ ಉಳಿದರೆ ಅಚ್ಚು ಸಡಿಲವಾಗುವುದೂ ಕಡಿಮೆ.

ಇದಕ್ಕಿಂತ ದೊಡ್ಡ ಅಪಾಯ ನಡುವೆ ಊರಿಗೆ ಬಂದುಬಿಡುವುದು. ಕೊನೆಕೊಯ್ಲು, ಕಾಫಿ ಹಣ್ಣಿನ ಕೊಯ್ಲು ಬಂತೆಂದು ಒಂದು ವಾರ ತಪ್ಪಿಸುತ್ತಾರೆ. ಚಿಕಿತ್ಸೆ ಒಂದು ದಿನ ಲಂಬಿಸಿದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇಕಡಾ ಒಂದರಷ್ಟು ಕುಗ್ಗುತ್ತದೆಂದು ತಜ್ಞರ ಅಂದಾಜು. ಜನ ಸುಮ್ಮನೆ ಬರುವುದಿಲ್ಲ. ಬೆಂಗಳೂರು, ಮಂಗಳೂರಿನಲ್ಲಿ ಒಂದೂವರೆ ತಿಂಗಳು ಇಬ್ಬರ ವಸತಿ, ಊಟಕ್ಕೆ ಕೈಯಲ್ಲಿ ಕಾಸಿಲ್ಲದೆ, ತೋಟ ನೋಡುವವರಿಲ್ಲದೆ ಬರುತ್ತಾರೆ.

ಆದ್ದರಿಂದ ಬರುವ ಮಹಾಸಭೆಯ ಮುಂದೆ ಎರಡು ಸಲಹೆಗಳನ್ನು ಇಡಲಿದ್ದೇವೆ. ಚಿಕಿತ್ಸೆಯಲ್ಲಿರುವ ಸದಸ್ಯರಿಗೂ ಅವರ ಮನೆಯವರಿಗೂ 45 ದಿನಗಳ ವಸತಿ ವೆಚ್ಚವನ್ನು ಬೆಳೆಯ ಆಧಾರದ ಮೇಲೆ ಬಡ್ಡಿಯಿಲ್ಲದ ಮುಂಗಡವಾಗಿ ಕೊಡುವುದು. ಆ ಅವಧಿಯಲ್ಲಿ ಅವರ ತೋಟದ ಕೊಯ್ಲನ್ನು ನೆರೆಯ ಸದಸ್ಯರು ಸರದಿಯಂತೆ ಮುಗಿಸಿಕೊಡುವುದು. ತೋಟದ ಆಳುಗಳಿಗೂ ಈ ಸೌಲಭ್ಯ ವಿಸ್ತರಿಸಬೇಕೆಂಬುದು ನಮ್ಮ ಇಚ್ಛೆ. ಭಿನ್ನಾಭಿಪ್ರಾಯವಿದ್ದವರು ಸಭೆಗೆ ಮೊದಲೇ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರಿಕೆ.

— ಕಾರ್ಯದರ್ಶಿ