ಸಹಿಗಷ್ಟೇ ಮುಗಿಯದಿರಲಿ ಬೆಳಗಿನ ಸಭೆ

ನಮ್ಮೂರು ಚಿಕ್ಕಪಡಸಲಗಿ ಎಂದೊಡನೆ ನೆನಪಾಗುವುದು ಶ್ರಮಬಿಂದು ಸಾಗರ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಕೂಡಿಸಿ, ಶ್ರಮದಾನ ಮಾಡಿ, 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜ್ ಅದು. ಅಲ್ಲಿ ದುಡಿದವರಿಗೆ ಆ ಕೆಲಸ ತಮ್ಮದೇ ಆಗಿತ್ತು. ಇಂದಿನ ಕಾಮಗಾರಿಗಳಲ್ಲಿ ದಿನಗೂಲಿಗೆ ಬರುವ ಎಷ್ಟೋ ಮಂದಿಗೆ ಅಂದಿನ ಕೆಲಸದ ಅಪಾಯವೂ ಗೊತ್ತಿರುವುದಿಲ್ಲ.

ಅದನ್ನು ತಿಳಿಸಲೆಂದೇ ಪಾಳಿ ಶುರುವಾಗುವ ಮುನ್ನ ಹತ್ತು ನಿಮಿಷದ ಸಭೆ ಇದೆ. ಸೈಟ್ ಭಾಷೆಯಲ್ಲಿ ಅದು ‘ಟೂಲ್‌ಬಾಕ್ಸ್ ಟಾಕ್’. ಬಿ.ಇ. ಓದುತ್ತಿರುವ ನಾನು ಇಂಟರ್ನ್‌ಶಿಪ್‌ಗೆ ಹೋದ ಕಡೆ ಅದು ಹಾಜರಿ, ಸಹಿಯಲ್ಲೇ ಮುಗಿಯುತ್ತಿತ್ತು. ಮೇಲ್ವಿಚಾರಕರು ಹಿಂದಿಯಲ್ಲಿ ಗಡಿಬಿಡಿಯಿಂದ ಓದುತ್ತಿದ್ದರು. ಕನ್ನಡವಷ್ಟೇ ಬಲ್ಲ ಹೆಣ್ಣುಮಕ್ಕಳು ತಲೆಯಾಡಿಸಿ ಬುಟ್ಟಿ ಎತ್ತಿಕೊಳ್ಳುತ್ತಿದ್ದರು. ತಲೆಯಾಡಿಸಿದರೆ ಅರ್ಥವಾಯಿತೆಂದಲ್ಲ.

ಸಭೆಯಲ್ಲಿ ಇವತ್ತಿನ ಕೆಲಸ, ಇವತ್ತಿನ ಅಪಾಯ ಎರಡೇ ಇರಲಿ. ರಾತ್ರಿ ಮಳೆಗೆ ಗುಂಡಿಯ ಅಂಚು ಸಡಿಲಾಗಿದೆಯೇ? ಸಾರವೆ ಬಿಗಿಯಾಗಿದೆಯೇ? ಹೊಸಬರು ಯಾರು, ಅವರ ಜೊತೆ ಯಾರಿರುತ್ತಾರೆ? ಕಾರ್ಮಿಕರ ಭಾಷೆಯಲ್ಲೇ ಹೇಳಬೇಕು, ಅರ್ಥವಾದದ್ದನ್ನು ಅವರಿಂದಲೇ ತಿರುಗಿ ಹೇಳಿಸಬೇಕು. ‘ನಿನ್ನೆ ಏನು ತೊಂದರೆಯಾಯಿತು?’ ಎಂದು ಕೇಳಬೇಕು. ಅವರು ತೋರಿಸಿದ ಸಡಿಲ ಹಲಗೆಯನ್ನು ಅಂದೇ ಸರಿಪಡಿಸಬೇಕು. ಇಲ್ಲದಿದ್ದರೆ ನಾಳೆ ಯಾರೂ ಬಾಯಿ ಬಿಡುವುದಿಲ್ಲ.

ನಾಳೆ ಸೈಟ್ ಎಂಜಿನಿಯರ್ ಆಗಲಿರುವ ಗೆಳೆಯರೇ, ಕಾಂಕ್ರೀಟಿನ ಬಲ ತಿಳಿಯಲು ನಾವು 28 ದಿನ ಕಾಯುತ್ತೇವೆ. ಅದನ್ನು ಹೊರುವವರ ಮಾತು ಕೇಳಲು ದಿನಕ್ಕೆ ಹತ್ತು ನಿಮಿಷ ಕೊಡಲಾರೆವೇ?