ಶೇ 40 ಅಂದರೆ ಎಷ್ಟು ಮಳೆ?

ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಮೋಡದ ಚಿತ್ರ, ಅದರ ಕೆಳಗೆ ‘ಶೇ 40’. ಅದನ್ನು ನೋಡಿ ಒಬ್ಬರು ಮಹಡಿ ಮೇಲೆ ಬಟ್ಟೆ ಒಣಹಾಕುತ್ತಾರೆ, ಇನ್ನೊಬ್ಬರು ಅಂಗಳದ ಅಡಿಕೆ ಬಾಚುತ್ತಾರೆ. ‘ನಾಳೆ ಮಳೆಯ ಸಾಧ್ಯತೆ ಶೇ 30’ ಅಂದರೆ ಏನೆಂದುಕೊಂಡಿದ್ದೀರಿ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಮತ್ತು ಸಂಗಡಿಗರು ಐದು ನಗರಗಳ ಜನರನ್ನು ಕೇಳಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಊರಿನ ಶೇ 30 ಭಾಗದಲ್ಲಿ ಮಳೆ ಎಂದರು ಕೆಲವರು. ದಿನದ ಶೇ 30 ಹೊತ್ತು ಎಂದರು ಬಹಳ ಮಂದಿ. ನಾಳೆಯಂಥ ನೂರು ದಿನಗಳಲ್ಲಿ ಮೂವತ್ತು ದಿನ ಮಳೆ ಎಂಬ ಸರಿಯುತ್ತರಕ್ಕೆ ಬಹುಮತ ಸಿಕ್ಕಿದ್ದು ನ್ಯೂಯಾರ್ಕಿನಲ್ಲಿ ಮಾತ್ರ.

ಜನರನ್ನು ದೂರಿ ಫಲವಿಲ್ಲ. ಉತ್ತರ ಕೊಟ್ಟು ಪ್ರಶ್ನೆಯನ್ನು ಬಚ್ಚಿಟ್ಟರೆ ಯಾರಾದರೂ ಹಾಗೇ ಊಹಿಸಬೇಕು.

ಈ ಅಂಕಿ ಹುಟ್ಟುವ ಕಡೆ ಪ್ರಶ್ನೆ ಕಾಣೆಯಾಗಿರುವುದಿಲ್ಲ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ಒಂದೇ ದಿನದ ಹವೆಯನ್ನು 51 ಸಲ ಲೆಕ್ಕ ಹಾಕುತ್ತದೆ, ಆರಂಭದ ಸ್ಥಿತಿಯನ್ನು ಪ್ರತಿ ಸಲವೂ ಕೂದಲೆಳೆಯಷ್ಟು ಬದಲಿಸಿ. ಅವುಗಳಲ್ಲಿ 20ರಲ್ಲಿ ಮಳೆ ಮಿತಿ ದಾಟಿದರೆ, ಸುಮಾರು ಶೇ 39. ಯಾವ ಮಿತಿ? ಅಮೆರಿಕದಲ್ಲಿ 0.25 ಮಿಲಿಮೀಟರ್ ಬಿದ್ದರೂ ಮಳೆಯೇ. ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಆದರೆ ಮಾತ್ರ ಅದು ಮಳೆಯ ದಿನ. ಹತ್ತು ಪಟ್ಟು ವ್ಯತ್ಯಾಸ.

ಆದ್ದರಿಂದಲೇ ವಿಶ್ವ ಹವಾಮಾನ ಸಂಸ್ಥೆಯ ‘ಗ್ರಿಬ್’ ಕಡತದಲ್ಲಿ ಸಂಭವನೀಯತೆಯ ಅಂಕಿಯೊಂದಿಗೆ ಮಿತಿ ಎಷ್ಟು, ಅದಕ್ಕಿಂತ ಮೇಲೋ ಕೆಳಗೋ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬುದನ್ನೂ ಬರೆಯಬೇಕು. ಮಾಹಿತಿಯ ಬಗೆಗಿನ ಈ ಮಾಹಿತಿಯೇ ಮೆಟಾಡೇಟಾ. ಬ್ರಿಟನ್ನಿನ ಹವಾಮಾನ ಇಲಾಖೆ ತನ್ನ ‘ಇಂಪ್ರೂವರ್’ ತಂತ್ರಾಂಶದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಮಿತಿಗಿಂತ ಹೆಚ್ಚು’ ಮತ್ತು ‘ಮಿತಿಯಷ್ಟು ಅಥವಾ ಹೆಚ್ಚು’ ಇವೆರಡನ್ನೂ ಬೇರೆ ಬೇರೆಯಾಗಿ ನಮೂದಿಸುತ್ತದೆ. ಕೂದಲು ಸೀಳುವ ಕೆಲಸ ಅನ್ನಿಸಬಹುದು. ಮಿತಿಯನ್ನು ಸೊನ್ನೆ ಎಂದಿಟ್ಟು ನೋಡಿ: ಸೊನ್ನೆಗಿಂತ ಹೆಚ್ಚು ಮಳೆಯ ಸಾಧ್ಯತೆ ಶೇ 5 ಇರಬಹುದು, ಸೊನ್ನೆಯಷ್ಟು ಅಥವಾ ಹೆಚ್ಚು ಮಳೆಯ ಸಾಧ್ಯತೆ ಸುಡುಬಿಸಿಲಿನ ದಿನವೂ ಶೇ 100!

ಹೊತ್ತಿನ ವಿಷಯ ಇನ್ನೂ ಕುತೂಹಲದ್ದು. ಮುಂದಿನ ಆರು ಗಂಟೆಗಳಲ್ಲಿ ಪ್ರತಿ ಗಂಟೆಗೂ ಶೇ 10 ಎಂದು ತೋರಿಸಿದ್ದಾರೆ ಎನ್ನಿ. ಆ ಆರು ಗಂಟೆಯಲ್ಲಿ ಒಮ್ಮೆಯಾದರೂ ಮಳೆ ಬರುವ ಸಾಧ್ಯತೆ ಎಷ್ಟು? 51 ಲೆಕ್ಕಗಳಲ್ಲಿ ಅದೇ ಐದು ಆರೂ ಗಂಟೆ ಮಳೆ ಸುರಿಸಿದ್ದರೆ ಶೇ 10 ಮಾತ್ರ. ಗಂಟೆಗೊಂದರಂತೆ ಬೇರೆ ಬೇರೆ ಐದು ಸುರಿಸಿದ್ದರೆ 51ರಲ್ಲಿ 30, ಅಂದರೆ ಶೇ 59. ಯಾವ ಲೆಕ್ಕದಲ್ಲಿ ಯಾವಾಗ ಮಳೆಯಾಯಿತು ಎಂಬ ವಿವರ ಬಿಸಾಕಿ ಬರೀ ಶೇಕಡಾವಾರು ಉಳಿಸಿಕೊಂಡವರಿಗೆ ಇವೆರಡರಲ್ಲಿ ಯಾವುದೆಂದು ಹೇಳಲು ಬರುವುದಿಲ್ಲ. ಅದಕ್ಕೇ ಕಡತದಲ್ಲಿ ಪ್ರತಿ ಲೆಕ್ಕಕ್ಕೂ ಒಂದು ಸಂಖ್ಯೆ.

ನಮ್ಮ ಇಲಾಖೆಯ ಪ್ರಕಟಣೆಗಳಲ್ಲಂತೂ ಎರಡು ಬಗೆಯ ಶೇಕಡಾ ಅಡಗಿ ಕುಳಿತಿವೆ. ಒಂದು, ಸಾಧ್ಯತೆಯ ಮಟ್ಟ. ಇನ್ನೊಂದು, ಎಷ್ಟು ಮಳೆಮಾಪನ ಕೇಂದ್ರಗಳಲ್ಲಿ ಮಳೆಯಾಗಬಹುದು ಎಂಬ ಹರವು: ಕಾಲು ಭಾಗದೊಳಗಿದ್ದರೆ ಒಂದೆರಡು ಕಡೆ, ಮುಕ್ಕಾಲು ದಾಟಿದರೆ ಬಹುತೇಕ ಕಡೆ. ಎರಡಕ್ಕೂ 25, 50, 75ರ ಗೆರೆಗಳೇ. ಪತ್ರಿಕೆಯಲ್ಲಿ ಎರಡೂ ಬೆರೆತು ‘ಕೆಲವೆಡೆ ಮಳೆ ಸಾಧ್ಯತೆ’ ಎಂದಾಗಿ ಬರುತ್ತದೆ.

ಇಷ್ಟೆಲ್ಲ ಜತನದಿಂದ ಕಟ್ಟಿದ ವಿವರ ಆ್ಯಪ್‌ಗೆ ಬರುವಷ್ಟರಲ್ಲಿ ಉದುರಿಹೋಗುವುದಕ್ಕೆ ತಾಂತ್ರಿಕ ಕಾರಣವೇನೂ ಇಲ್ಲ. ಪರದೆ ಚಿಕ್ಕದು ಎಂಬ ನೆಪ ಜಾಹೀರಾತಿಗೆ ಜಾಗ ಬೇಕಾದಾಗ ಯಾರಿಗೂ ನೆನಪಾಗುವುದಿಲ್ಲ. ‘ಮಧ್ಯಾಹ್ನ 2ರಿಂದ ರಾತ್ರಿ 8ರೊಳಗೆ 2.5 ಮಿ.ಮೀ. ಅಥವಾ ಹೆಚ್ಚು: ಶೇ 40’ ಎಂದು ಬರೆಯಲು ಒಂದೇ ಸಾಲು ಸಾಕು. ಅಡಿಕೆ ಒಣಗಿಸುವವರು ಅದನ್ನು ಓದಿಕೊಳ್ಳುತ್ತಾರೆ.